ಹೊಸ ಹಾಡಿಗೊಂದು ಚಿಕ್ಕ ಅಂಗಳ

ಹಾಡು ಎಂದೊಡನೆ ನಮ್ಮಲ್ಲಿ ಬಹುಮಂದಿಯ ನೆನಪಿಗೆ ಬರುವುದು ಸಿನಿಮಾ ಹಾಡು. ಮದುವೆಯ ಮನೆಯಲ್ಲಿ ಅದೇ, ಬಸ್ಸಿನಲ್ಲಿ ಅದೇ, ಗಣೇಶನ ಪೆಂಡಾಲಿನಲ್ಲಿ ಅದೇ, ಕಾಲೇಜಿನ ವಾರ್ಷಿಕೋತ್ಸವದಲ್ಲಿಯೂ ಅದೇ. ಇದರಲ್ಲಿ ತಪ್ಪೇನೂ ಇಲ್ಲ. ೧೯೩೪ರಲ್ಲಿ 'ಸತಿ ಸುಲೋಚನ' ಎಂಬ ಮೊದಲ ಕನ್ನಡ ವಾಕ್ಚಿತ್ರ ತೆರೆಗೆ ಬಂದಂದಿನಿಂದ ಸಿನಿಮಾ ನಮ್ಮ ಜನಕ್ಕೆ ಒಳ್ಳೊಳ್ಳೆಯ ಹಾಡುಗಳನ್ನು ಕೊಟ್ಟಿದೆ. ಆದರೆ ಕಥೆ, ನಾಯಕ, ನಾಯಿಕೆ, ನಿರ್ಮಾಪಕ ಇವರಾರ ಹಂಗೂ ಇಲ್ಲದೆ, ಹಾಡುವವನು ತಾನೇ ಬರೆದು, ತಾನೇ ಧಾಟಿ ಕೂಡಿಸಿ, ತಾನೇ ಖರ್ಚು ಮಾಡಿ ಜನರ ಮುಂದೆ ತರುವ ಹಾಡೂ ಒಂದುಂಟು. ಅದನ್ನು ಈಗ 'ಇಂಡಿ ಪಾಪ್' ಎಂದು ಕರೆಯುತ್ತಾರೆ. ಅಂಥ ಹಾಡುಗಳ ಕಛೇರಿಯೊಂದಕ್ಕೆ ಕಳೆದ ವರ್ಷ ನಾನು ಹೋಗಿದ್ದೆ. ಅದೆಂಥದು, ಹೇಗೆ ನಡೆಯುತ್ತದೆ, ನಮ್ಮ ಕೋಲಾರದ ಸೀಮೆಗೂ ಅದಕ್ಕೂ ಏನು ಸಂಬಂಧ ಎಂಬುದನ್ನು ತಿಳಿದಮಟ್ಟಿಗೆ ವಿವರಿಸುವುದು ಈ ಲೇಖನದ ಉದ್ದೇಶ.

ಹೋಗುವುದಕ್ಕೆ ಕಾರಣವಾದ ಸಂಗತಿಯನ್ನು ಮೊದಲು ಹೇಳಬೇಕು. ಶ್ರೀನಿವಾಸಪುರದ ಕಡೆಯ ನನ್ನ ಸ್ನೇಹಿತನೊಬ್ಬ ಹಾಡು ಕಟ್ಟುತ್ತಾನೆ. ಅವನ ಮನೆಮಾತು ತೆಲುಗು, ಓದಿದುದು ಕನ್ನಡ. ಹಾಡುಗಳಲ್ಲಿ ಎರಡೂ ಅಕ್ಕಪಕ್ಕ ಕುಳಿತಿರುತ್ತವೆ. ಮಾವಿನ ತೋಪು ಕಾಯುವವನ ರಾತ್ರಿಯನ್ನು ಕುರಿತು ಅವನೊಂದು ಹಾಡು ಕಟ್ಟಿದ. ಹಾಸ್ಟೆಲಿನ ಕೋಣೆಯಲ್ಲಿ ನಾವು ನಾಲ್ಕಾರು ಮಂದಿ ಕೇಳಿದೆವು; ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಒಂದು ಊರಿನ ಗಣೇಶೋತ್ಸವದಲ್ಲಿ ಅದನ್ನು ಹಾಡಲು ಅವನಿಗೆ ಅವಕಾಶ ಸಿಕ್ಕಿತು. ಎದುರಿಗೆ ಸಾವಿರ ಜನ. ಮೊದಲ ಚರಣ ಮುಗಿಯುವ ಮುನ್ನವೇ "ಸಿನಿಮಾ ಹಾಡು ಹೇಳಪ್ಪಾ" ಎಂದು ಹಿಂದಿನಿಂದ ಕೂಗೆದ್ದಿತು. ಕೂಗು ಹೆಚ್ಚಿತು. ಯಾರೋ ಒಬ್ಬರು ಬಂದು ಅವನ ಕೈಯಿಂದ ಮೈಕನ್ನು ಮೆಲ್ಲನೆ ತೆಗೆದುಕೊಂಡರು. ಅಂದಿನಿಂದ ಅವನು ಹಾಡುವುದನ್ನು ಬಿಟ್ಟ. ಕೇಳಿದರೆ, "ಹಾಡೇ ಚೆನ್ನಾಗಿಲ್ಲ ಬಿಡೋ" ಎನ್ನುತ್ತಿದ್ದ. ಹಾಡು ಚೆನ್ನಾಗಿಲ್ಲವೋ, ಹಾಡಿದ ಜಾಗ ಸರಿಯಿಲ್ಲವೋ ಎಂಬ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಕೊಂಡಿತು.

ಇನ್ನು ಹೆಸರಿನ ವಿಷಯ. 'ಇಂಡಿ' ಎಂಬುದು 'ಇಂಡಿಪೆಂಡೆಂಟ್' ಎಂಬ ಇಂಗ್ಲಿಷ್ ಪದದ ಮೊಟಕು, ಸ್ವತಂತ್ರವಾದುದು ಎಂದರ್ಥ. 'ಪಾಪ್' ಎಂದರೆ ಯಾರೂ ಸುಲಭವಾಗಿ ಗುನುಗಿಕೊಳ್ಳಬಹುದಾದ ಜನಪ್ರಿಯ ಧಾಟಿಯ ಹಾಡು. ಇಂಡಿ ಎಂಬ ಹೆಸರಿನಿಂದ ಹಾಡಿನ ರಾಗವಾಗಲಿ ತಾಳವಾಗಲಿ ತಿಳಿಯುವುದಿಲ್ಲ. ಹಾಡು ಯಾರ ದುಡ್ಡಿನಿಂದ, ಯಾರ ಇಷ್ಟದಂತೆ ಹೊರಗೆ ಬಂದಿತು ಎಂಬುದು ತಿಳಿಯುತ್ತದೆ. ಇದಕ್ಕೆ ಹಳೆಯ ಉದಾಹರಣೆಯೆಂದು ಎಲ್ಲರೂ ಹೇಳುವುದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಸಂಗತಿ. ಅಲ್ಲಿ 'ಬಜ್‌ಕಾಕ್ಸ್' ಎಂಬ ತಂಡದ ನಾಲ್ವರು ಹುಡುಗರು ಬಂಧುಮಿತ್ರರಿಂದ ೫೦೦ ಪೌಂಡು ಸಾಲ ತಂದು, ನಾಲ್ಕು ಹಾಡು ಹಾಡಿ, ೧೯೭೭ರ ಜನವರಿಯಲ್ಲಿ 'ಸ್ಪೈರಲ್ ಸ್ಕ್ರ್ಯಾಚ್' ಎಂಬ ಗ್ರಾಮಫೋನ್ ತಟ್ಟೆಯನ್ನು ತಾವೇ ಹೊರತಂದರು. ಮೊದಲು ಮಾಡಿಸಿದುದು ೧೦೦೦ ತಟ್ಟೆ ಮಾತ್ರ. ಅವೆಲ್ಲ ಮಾರಿಹೋಗಿ ಮತ್ತೆ ಮತ್ತೆ ಮಾಡಿಸಬೇಕಾಯಿತು. ದೊಡ್ಡ ಕಂಪೆನಿಯ ಬಾಗಿಲಲ್ಲಿ ಕಾಯದೆ ಹಾಡನ್ನು ಹೊರತರಬಹುದು ಎಂಬ ಧೈರ್ಯ ಇದರಿಂದ ಎಷ್ಟೋ ತಂಡಗಳಿಗೆ ಬಂದಿತು.

ನಮ್ಮ ನಾಡಿನಲ್ಲಿಯೂ ಈ ಧೈರ್ಯದವರಿದ್ದಾರೆ. ಮೈಸೂರಿನಲ್ಲಿ ಬೆಳೆದು, ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಭರತನಾಟ್ಯವನ್ನೂ ಕಲಿತ ರಘು ದೀಕ್ಷಿತರು ಗಿಟಾರು ಹಿಡಿದು ಶಿಶುನಾಳ ಷರೀಫರ ಪದಗಳನ್ನು ಹೊಸ ಧಾಟಿಯಲ್ಲಿ ಹಾಡಿದರು. ಅವರ ತಂಡದ ಮೊದಲ ಆಲ್ಬಮ್ ೨೦೦೮ರಲ್ಲಿ ಬಂದಿತು. ಬೆಂಗಳೂರಿನ 'ಸ್ವರಾತ್ಮ' ತಂಡದ ಮೊದಲ ಆಲ್ಬಮ್ ಬಂದುದು ೨೦೦೯ರಲ್ಲಿ. ಮುಂದೆ ರಘು ದೀಕ್ಷಿತರು ಸಿನಿಮಾಗಳಿಗೂ ಸಂಗೀತ ಕೊಟ್ಟರು. ಆದರೆ ಜನ ಅವರನ್ನು ಮೊದಲು ಗುರುತಿಸಿದುದು ವೇದಿಕೆಯ ಮೇಲೆ ಹಾಡುವವರೆಂದೇ.

ನಾನು ಹೋದ ಕಛೇರಿ ಇಷ್ಟು ಹೆಸರಾದವರದಲ್ಲ. ಐದು ಮಂದಿಯ ಒಂದು ತಂಡ, ಎಲ್ಲರೂ ಹೊಸಬರು. ನಡೆದುದು ಬೆಂಗಳೂರಿನ ಇಂದಿರಾನಗರದಲ್ಲಿ, ಒಂದು ಕಟ್ಟಡದ ಮೇಲಂತಸ್ತಿನಲ್ಲಿ. ನಮ್ಮೂರು ಮಾಲೂರು ತಾಲ್ಲೂಕಿನಲ್ಲಿರುವುದರಿಂದ ಪ್ರಯಾಣವೇನೂ ಕಷ್ಟವಲ್ಲ. ಮಾಲೂರಿನಲ್ಲಿ ರೈಲು ಹತ್ತಿ, ದೇವನಗೊಂದಿ ದಾಟಿ ವೈಟ್‌ಫೀಲ್ಡಿನಲ್ಲಿ ಇಳಿದರೆ, ೨೦೨೩ರಲ್ಲಿ ಅಲ್ಲಿಯವರೆಗೆ ಬಂದ ಮೆಟ್ರೋ ರೈಲು ಇಂದಿರಾನಗರಕ್ಕೆ ಕರೆದೊಯ್ಯುತ್ತದೆ. ಕಷ್ಟವಾದುದು ಟಿಕೆಟ್ಟಿನ ವಿಷಯ. ೪೦೦ ರೂಪಾಯಿ! ನಮ್ಮ ತಂದೆಯವರು ಹೆಂಚಿನ ಕಾರ್ಖಾನೆಯಲ್ಲಿ ದುಡಿಯುವವರು. ಅವರಿಗೆ ಹೇಳದೆ ಹೋದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಬೇಗ ಹೋದುದರಿಂದ ಕಛೇರಿಗೆ ಮುಂಚಿನ ಸಿದ್ಧತೆಯನ್ನೂ ನೋಡಿದೆ. ಕೋಣೆಯ ಉದ್ದ ಹನ್ನೆರಡು ಮೀಟರು ಇದ್ದೀತು. ವೇದಿಕೆ ಮೊಣಕಾಲೆತ್ತರ. ಎರಡು ಗಿಟಾರು, ಮಂದ್ರಸ್ವರಕ್ಕೆಂದು ಇನ್ನೊಂದು ಗಿಟಾರು, ಡ್ರಮ್ಮು, ಒಂದು ಪಿಟೀಲು. ಒಬ್ಬೊಬ್ಬರೇ ತಮ್ಮ ವಾದ್ಯವನ್ನು ನುಡಿಸುವುದು, ಹಿಂದೆ ಯಂತ್ರದ ಬಳಿ ಕುಳಿತವನು ಒಂದೊಂದು ಗುಬಟು ತಿರುಗಿಸಿ ಧ್ವನಿಯನ್ನು ಏರಿಸುವುದು ಇಳಿಸುವುದು. ಇದಕ್ಕೆ 'ಸೌಂಡ್ ಚೆಕ್' ಎನ್ನುತ್ತಾರೆ. ಖಾಲಿ ಕೋಣೆಯಲ್ಲಿ ಗೋಡೆಗಳಿಗೆ ಬಡಿದು ಮರಳುವ ನಾದ, ಜನ ತುಂಬಿದಾಗ ಅವರ ಮೈಬಟ್ಟೆಗಳಲ್ಲಿ ಹೀರಿಹೋಗುತ್ತದೆ. ಆದುದರಿಂದ ಜನ ಬಂದ ಮೇಲೆ ಅವನು ಎಲ್ಲವನ್ನೂ ಮತ್ತೊಮ್ಮೆ ಸರಿಮಾಡಬೇಕು. ಹಾಡುವವರ ಕಾಲಬುಡದಲ್ಲಿ ಅವರ ಕಡೆಗೇ ಮುಖಮಾಡಿದ ಚಿಕ್ಕ ಸ್ಪೀಕರುಗಳಿರುತ್ತವೆ. ಡ್ರಮ್ಮಿನ ಸದ್ದಿನಲ್ಲಿ ತಮ್ಮ ಕಂಠ ತಮಗೇ ಕೇಳಿಸದೆ ಶ್ರುತಿ ತಪ್ಪಬಾರದೆಂದು ಅವನ್ನು ಇಟ್ಟಿರುತ್ತಾರೆ.

ಚಿಕ್ಕ ಜಾಗದ ಗುಣವೇನೆಂಬುದನ್ನು ಲೆಕ್ಕದಿಂದಲೂ ತಿಳಿಯಬಹುದು. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೦ ಮೀಟರು ಹೋಗುತ್ತದೆ. ಹನ್ನೆರಡು ಮೀಟರಿನ ಕೋಣೆಯ ಕಡೆಯ ಸಾಲಿಗೆ ಅದು ಮುಟ್ಟಲು ಒಂದು ಸೆಕೆಂಡಿನ ಮೂವತ್ತರಲ್ಲಿ ಒಂದು ಪಾಲಿನಷ್ಟು ಹೊತ್ತು ಸಾಕು. ತುಟಿಯೂ ಮಾತೂ ಒಟ್ಟಿಗೇ ಇದ್ದಂತೆ ತೋರುತ್ತದೆ. ಮೈದಾನದಲ್ಲಿ ನೂರು ಮೀಟರು ದೂರ ನಿಂತವನಿಗೆ ವೇದಿಕೆಯ ಧ್ವನಿ ಸೆಕೆಂಡಿನ ಮೂರರಲ್ಲಿ ಒಂದು ಪಾಲಿನಷ್ಟು ತಡವಾಗಿ ಬರುತ್ತದೆ. ಬಯಲಿನಲ್ಲಿ ದೂರ ಎರಡರಷ್ಟಾದರೆ ಶಬ್ದದ ತೀವ್ರತೆ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹೀಗಾಗಿ ದೂರದವನಿಗೆ ಧಾಟಿ ಕೇಳಿಸೀತು, ಮಾತು ಕೇಳಿಸುವುದು ಕಷ್ಟ. ಹಾಡು ಮೊದಲೇ ಬಾಯಿಗೆ ಬರುತ್ತಿದ್ದರೆ ಕೇಳಿಸದ ಮಾತನ್ನು ಅವನು ತಾನೇ ತುಂಬಿಕೊಳ್ಳುತ್ತಾನೆ. ಹೊಸ ಹಾಡಾದರೆ ಏನನ್ನು ತುಂಬಿಕೊಂಡಾನು? ನನ್ನ ಸ್ನೇಹಿತನಿಗೆ ಕೂಗು ಬಂದುದು ಹಿಂದಿನಿಂದ ಎಂಬುದು ಆಗ ನನಗೆ ನೆನಪಾಯಿತು.

ಕಛೇರಿ ಪ್ರಾರಂಭವಾದಾಗ ಸುಮಾರು ನೂರೈವತ್ತು ಜನರಿದ್ದರು. ಬಹುಮಂದಿ ನಿಂತೇ ಇದ್ದರು. ಹಾಡುಗಳು ಕೆಲವು ಕನ್ನಡ, ಕೆಲವು ಇಂಗ್ಲಿಷ್. ನಾಲ್ಕನೆಯ ಹಾಡಿಗೆ ಮುನ್ನ ಹಾಡುಗಾರ, "ಇದನ್ನು ಬರೆದು ಹತ್ತು ದಿನ ಆಯ್ತು, ಎರಡನೇ ಚರಣ ಇನ್ನೂ ಸರಿಯಾಗಿ ಕೂತಿಲ್ಲ" ಎಂದು ಹೇಳಿದ. ಹೇಳಿದಂತೆಯೇ ಎರಡನೆಯ ಚರಣದಲ್ಲಿ ಮಾತು ಮರೆತು ನಿಂತ. ನನಗೆ ಎದೆ ಧಸಕ್ಕೆಂದಿತು. ಯಾರೂ ಕೂಗಲಿಲ್ಲ. ಪಿಟೀಲಿನವಳು ಧಾಟಿಯನ್ನು ಹಿಡಿದುಕೊಂಡೇ ಇದ್ದಳು, ಅವನು ನಕ್ಕು ಮೊದಲಿನಿಂದ ಎತ್ತಿಕೊಂಡ, ಜನ ಕಾದರು. ಆ ಜನ ನಮ್ಮ ಜನಕ್ಕಿಂತ ಒಳ್ಳೆಯವರೆಂದಾಗಲಿ ರಸಿಕರೆಂದಾಗಲಿ ನಾನು ಹೇಳಲಾರೆ. ಗೊತ್ತಿಲ್ಲದ ಹಾಡನ್ನು ಕೇಳುವುದಕ್ಕೆಂದೇ ಅವರು ಬಂದಿದ್ದರು. ಗಣೇಶೋತ್ಸವಕ್ಕೆ ಬಂದವರು ಹಾಗೆ ಬಂದವರಲ್ಲ. ವ್ಯತ್ಯಾಸವಿರುವುದು ಇಷ್ಟೆ, ಆದರೆ ಹೊಸ ಹಾಡಿನ ಅಳಿವು ಉಳಿವು ಇಷ್ಟರಲ್ಲಿಯೇ ಇದೆ.

ದೋಷಗಳನ್ನು ಮುಚ್ಚಿಡಬಾರದು. ಹಿಂಬದಿಯ ತಿಂಡಿಪಾನೀಯಗಳ ಮೇಜಿನ ಬಳಿ ಕೆಲವರು ಕಡೆಯವರೆಗೂ ಹರಟುತ್ತಲೇ ಇದ್ದರು. ಕನ್ನಡ ಹಾಡಿಗೆ ತಲೆದೂಗಿದವರಲ್ಲಿ ಎಷ್ಟೋ ಮಂದಿಗೆ ಅದರ ಅರ್ಥ ತಿಳಿದಿತ್ತೆಂದು ನನಗೆ ತೋರಲಿಲ್ಲ. ನಮ್ಮ ತಂದೆಯವರಂಥವರು ಆ ಬಾಗಿಲನ್ನು ದಾಟಿ ಒಳಗೆ ಬರುವುದೂ ಕಷ್ಟವೇ.

ತಂದೆಯವರಿಗೆ ಕೊನೆಗೆ ವಿಷಯ ತಿಳಿಯಿತು. ಬೈಯುವರೆಂದುಕೊಂಡೆ. ಅವರು ಕೇಳಿದುದು ಒಂದೇ ಮಾತು: "ನಾನೂರು ಕೊಟ್ಯಲ್ಲ, ಅದರಾಗೆ ಹಾಡ್ದೋರಿಗೆ ಎಷ್ಟು ಹೋಯ್ತು?" ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ಕೇಳಬೇಕಾಗಿದ್ದ ಪ್ರಶ್ನೆ! ಅದೃಷ್ಟವಶಾತ್ ಅದಕ್ಕೆ ಸ್ವಲ್ಪ ಉತ್ತರ ನನ್ನಲ್ಲಿತ್ತು. ಕಛೇರಿ ಮುಗಿದ ಮೇಲೆ ಡ್ರಮ್ಮು ನುಡಿಸಿದವನು ಬಾಗಿಲ ಬಳಿ ಮೇಜಿಟ್ಟುಕೊಂಡು ತಂಡದ ಹೆಸರಿದ್ದ ಅಂಗಿಗಳನ್ನು ಮಾರುತ್ತಿದ್ದ. ಅವನೇ ಹೇಳಿದ: ಟಿಕೆಟ್ಟಿನ ಹಣದಲ್ಲಿ ಒಂದು ಪಾಲು ಜಾಗದವರಿಗೆ, ಉಳಿದುದರಲ್ಲಿ ಗಾಡಿ ಬಾಡಿಗೆ, ಅಭ್ಯಾಸದ ಕೋಣೆಯ ಬಾಡಿಗೆ ಕಳೆದು ಐವರು ಹಂಚಿಕೊಳ್ಳಬೇಕು. ಅಂತರ್ಜಾಲದಲ್ಲಿ ಹಾಡನ್ನು ಒಬ್ಬರು ಒಮ್ಮೆ ಕೇಳಿದರೆ ಬರುವುದು ಒಂದು ರೂಪಾಯಿಯ ಸಣ್ಣದೊಂದು ಪಾಲು. ಐವರೂ ಹಗಲು ಬೇರೆ ಬೇರೆ ನೌಕರಿ ಮಾಡುವವರೇ. "ಅಂಗಿ ಮಾರಿದರೆ ಗಿಟಾರಿನ ತಂತಿಗೆ ಆಗತ್ತೆ" ಎಂದು ನಕ್ಕ. ಸ್ವತಂತ್ರ ಎಂಬ ಮಾತಿಗೆ ಇರುವ ಬೆಲೆ ಇದು. ನಿರ್ಮಾಪಕನ ಹಂಗು ತಪ್ಪಿದರೆ ಆ ಖರ್ಚು ಹಾಡುವವನ ತಲೆಯ ಮೇಲೆಯೇ ಬರುತ್ತದೆ. ಅದನ್ನು ಕೇಳುವವನು ಸ್ವಲ್ಪವಾದರೂ ಹಂಚಿಕೊಳ್ಳದೆ ಹಾಡು ನಿಲ್ಲಲಾರದು. ಜಾಗಗಳಿಗೂ ಆಯುಸ್ಸು ಕಡಮೆ. ಇದೇ ಇಂದಿರಾನಗರದಲ್ಲಿ ೨೦೧೩ರಲ್ಲಿ ತೆರೆದು ಹೊಸ ತಂಡಗಳಿಗೆ ಹೆಸರಾಗಿದ್ದ 'ಹಮ್ಮಿಂಗ್ ಟ್ರೀ' ೨೦೧೯ರಲ್ಲಿ ಮುಚ್ಚಿಹೋಯಿತು.

ಇದೆಲ್ಲ ಪಟ್ಟಣದ ಷೋಕಿ, ನಮಗೇಕೆ ಎಂದು ವಾಚಕರು ಕೇಳಬಹುದು. ಹೊಸದು ಚಿಕ್ಕ ಜಾಗದಲ್ಲಿ ಹುಟ್ಟುವುದು ನಮ್ಮ ನಾಡಿಗೇನೂ ಹೊಸತಲ್ಲ. ಹದಿನೈದನೆಯ ಶತಮಾನದಲ್ಲಿ ಮುಳಬಾಗಿಲಿನ ಶ್ರೀಪಾದರಾಜರು ಶಾಸ್ತ್ರಕ್ಕೂ ಪೂಜೆಗೂ ಸಂಸ್ಕೃತವೇ ಸಲ್ಲುವುದೆಂದು ಪಂಡಿತರು ನಂಬಿದ್ದಾಗ 'ರಂಗವಿಠಲ' ಎಂಬ ಅಂಕಿತದಿಂದ ಕನ್ನಡದಲ್ಲಿ ಕೀರ್ತನೆಗಳನ್ನು ರಚಿಸಿದರು. ಅವರ ಬೃಂದಾವನ ಮುಳಬಾಗಿಲಿನ ಬಳಿಯ ನರಸಿಂಹತೀರ್ಥದಲ್ಲಿದೆ. ೧೯೩೫ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಆ ಮನೆಯ ಕೇಂದ್ರದಿಂದ ಬಂದುದು. ೧೯೭೮ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಧಾಟಿ ಕೂಡಿಸಿದ 'ನಿತ್ಯೋತ್ಸವ' ಕ್ಯಾಸೆಟ್ಟಾಗಿ ಬಂದು, ಸಿನಿಮಾ ಇಲ್ಲದೆಯೂ ಕನ್ನಡ ಹಾಡು ಮನೆಮನೆ ಸೇರಬಲ್ಲುದೆಂದು ತೋರಿಸಿತು. ೨೦೦೫ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಿ. ಅಶ್ವತ್ಥರು 'ಕನ್ನಡವೇ ಸತ್ಯ' ಕಾರ್ಯಕ್ರಮ ನಡೆಸಿದಾಗ ಜನಸಾಗರವೇ ನೆರೆದಿತ್ತು. ಆದರೆ ಅಷ್ಟು ಹೊತ್ತಿಗೆ ಭಾವಗೀತೆಗಳು ಎಷ್ಟೋ ವರ್ಷ ಚಿಕ್ಕ ಸಭೆಗಳಲ್ಲಿ, ಮನೆಗಳ ನಡುಮನೆಯಲ್ಲಿ ಕೇಳಿ ಕೇಳಿ ಜನರ ಬಾಯಲ್ಲಿ ನೆಲೆಸಿದ್ದವು. ಮೈದಾನಕ್ಕೆ ಹಾಡು ಬರುವುದು ಕಡೆಯಲ್ಲಿ.

ಹೀಗೆ ಯೋಚಿಸುತ್ತಿದ್ದಾಗಲೇ, ನಾನು ಬೆಂಗಳೂರಿಗೆ ಹೋಗಿ ಹುಡುಕಿದ ವಸ್ತು ನಮ್ಮ ಕಾಲೇಜಿನ ಹಿತ್ತಲಿನಂತಿರುವ ಬೆಟ್ಟದ ಮೇಲೆಯೇ ಇದೆ ಎಂದು ಅಧ್ಯಾಪಕರೊಬ್ಬರು ಹೇಳಿದರು. ಅಂತರಗಂಗೆಯ ಮೇಲಿನ ತೇರಹಳ್ಳಿ ಬೆಟ್ಟದಲ್ಲಿ ಕವಿಯೂ ನಾಟಕಕಾರರೂ ಆದ ಕೋಟಿಗಾನಹಳ್ಳಿ ರಾಮಯ್ಯನವರು ಗೆಳೆಯರೊಡನೆ ಕಟ್ಟಿದ 'ಆದಿಮ' ಎಂಬ ಸಾಂಸ್ಕೃತಿಕ ಕೇಂದ್ರವಿದೆ. ಹುಣ್ಣಿಮೆಯ ರಾತ್ರಿಗಳಲ್ಲಿ ಅಲ್ಲಿ ನಡೆಸಿಕೊಂಡು ಬಂದಿರುವ ಕಾರ್ಯಕ್ರಮಕ್ಕೆ 'ಹುಣ್ಣಿಮೆ ಹಾಡು' ಎಂದೇ ಹೆಸರು. ಹಾಡು, ನಾಟಕ, ತಮಟೆ, ಮಾತು ಎಲ್ಲಕ್ಕೂ ಅಲ್ಲಿ ಎಡೆಯುಂಟು.

ಚಳಿಗಾಲದ ಒಂದು ಹುಣ್ಣಿಮೆಗೆ ಸ್ನೇಹಿತನನ್ನು ಬಲವಂತದಿಂದ ಎಳೆದುಕೊಂಡು ಬೆಟ್ಟ ಹತ್ತಿದೆ. ನಮ್ಮಿಂದ ಯಾರೂ ಟಿಕೆಟ್ಟು ಕೇಳಲಿಲ್ಲ. ಬಯಲಲ್ಲಿ ಬೆಳ್ದಿಂಗಳು, ಕೆಳಗೆ ಕೋಲಾರದ ದೀಪಗಳು. ಒಂದು ಬದಿಯಲ್ಲಿ ತಮಟೆಯವರು ಹುಲ್ಲಿಗೆ ಬೆಂಕಿ ಕೊಟ್ಟು ತಮಟೆ ಕಾಯಿಸುತ್ತಿದ್ದರು. ಚಳಿಯ ತೇವಕ್ಕೆ ಚರ್ಮ ಸಡಿಲವಾಗಿ ನಾದ ಮಂಕಾಗಿರುತ್ತದೆ. ಶಾಖಕ್ಕೆ ತೇವ ಆರಿ ಚರ್ಮ ಬಿಗಿದು ನಾದ ಏರುತ್ತದೆ. ಕಾಯಿಸುವುದು, ಬೆರಳಿನಿಂದ ತಟ್ಟಿ ಕೇಳುವುದು, ಮತ್ತೆ ಕಾಯಿಸುವುದು. ಇಂದಿರಾನಗರದಲ್ಲಿ ಗುಬಟು ತಿರುಗಿಸುತ್ತಿದ್ದವನ ಮುಖದಲ್ಲಿದ್ದ ಗಮನವೇ ಇವರ ಮುಖದಲ್ಲಿಯೂ ಇತ್ತು. ನಮ್ಮ ಹಳ್ಳಿಗಳಲ್ಲಿ ತಮಟೆಯವರನ್ನು ಸಾವಿಗೂ ಜಾತ್ರೆಗೂ ಕರೆದು ದೂರ ನಿಲ್ಲಿಸುತ್ತಿದ್ದರು. ಕುಳಿತು ಕೇಳಿದವರು ವಿರಳ. ೨೦೦೭ರವರೆಗೆ ನಮ್ಮ ಜಿಲ್ಲೆಯಲ್ಲಿಯೇ ಇದ್ದ ಚಿಕ್ಕಬಳ್ಳಾಪುರದ ಕಡೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿ ೨೦೨೩ರಲ್ಲಿ ಪದ್ಮಶ್ರೀ ಬಂದಿತು. ಇಲ್ಲಿ ಬೆಟ್ಟದ ಮೇಲೆ ಊರಿನವರು, ಅಧ್ಯಾಪಕರು, ಮಕ್ಕಳು ನೆಲದ ಮೇಲೆ ಕುಳಿತು ತಮಟೆಯನ್ನು ಕಛೇರಿಯಂತೆ ಕೇಳಿದರು. ಆಮೇಲೆ ಒಬ್ಬ ಹುಡುಗಿ ಎದ್ದು ತಾನೇ ಕಟ್ಟಿದ ಪದವೊಂದನ್ನು ಹಾಡಿದಳು. ಧ್ವನಿ ನಡುಗುತ್ತಿತ್ತು. ಕಡೆಯವರೆಗೂ ಹಾಡಿದಳು.

ನನ್ನ ಸ್ನೇಹಿತ ಆ ರಾತ್ರಿ ಹಾಡಲಿಲ್ಲ. ಬೆಟ್ಟ ಇಳಿಯುವಾಗ ಬಹಳ ಹೊತ್ತು ಸುಮ್ಮನಿದ್ದು, "ತೋಪಿನ ಹಾಡಲ್ಲಿ ಮೊದಲನೇ ಚರಣ ಉದ್ದ ಆಯ್ತು ಕಣೋ, ಅರ್ಧ ಕಡಮೆ ಮಾಡಬೇಕು" ಎಂದ. ಹಾಡೇ ಚೆನ್ನಾಗಿಲ್ಲ ಎನ್ನುತ್ತಿದ್ದವನು ಅದನ್ನು ತಿದ್ದುವ ಮಾತನಾಡಿದ. ನನಗೆ ಅಷ್ಟೇ ಸಾಕಾಗಿತ್ತು.

ಈಗ ನನ್ನ ಸೂಚನೆ. ನಮ್ಮ ಕಾಲೇಜಿನಲ್ಲಿ ಎಂಬತ್ತು ಕುರ್ಚಿ ಹಿಡಿಯುವ ಕೋಣೆಯುಂಟು, ಒಂದು ಮೈಕುಂಟು. ತಿಂಗಳಿಗೊಂದು ಸಂಜೆ ತರಗತಿ ಮುಗಿದ ಮೇಲೆ ಒಂದೂವರೆ ಗಂಟೆಯ ಹಾಡಿನ ಸಭೆ ನಡೆಸಬಹುದು. ನಿಯಮಗಳು ಮೂರೇ ಸಾಕು. ಹಾಡು ಸಿನಿಮಾದ್ದಾಗಿರಬಾರದು, ಕನ್ನಡವಾಗಲಿ, ತೆಲುಗಾಗಲಿ, ಉರ್ದುವಾಗಲಿ, ಹಾಡುವವರು ತಾವೇ ಕಟ್ಟಿದುದೋ ತಮ್ಮ ಮನೆಯ ಹಿರಿಯರಿಂದ ಕಲಿತುದೋ ಆಗಿರಬೇಕು. ಒಬ್ಬರಿಗೆ ಹತ್ತು ನಿಮಿಷ. ಬಾಗಿಲಲ್ಲಿ ಒಂದು ಡಬ್ಬಿ. ಇದ್ದವರು ೨೦ ರೂಪಾಯಿ ಹಾಕುವುದು, ಇಲ್ಲದವರು ಸುಮ್ಮನೆ ಒಳಗೆ ಬರುವುದು. ಎಂಬತ್ತು ಮಂದಿಯಲ್ಲಿ ಅರ್ಧ ಮಂದಿ ಹಾಕಿದರೂ ೮೦೦ ರೂಪಾಯಿ ಆಯಿತು. ಮುಳಬಾಗಿಲಿನಿಂದಲೋ ಶ್ರೀನಿವಾಸಪುರದಿಂದಲೋ ಬಂದು ಹಾಡುವವರ ಬಸ್ಸಿನ ಖರ್ಚಿಗೂ ಒಂದು ಲೋಟ ಚಹಾಕ್ಕೂ ಅದು ಸಾಲುತ್ತದೆ. ತಂದೆಯವರ ಪ್ರಶ್ನೆಗೂ ಅಲ್ಲಿ ನೇರವಾದ ಉತ್ತರವಿರುತ್ತದೆ: ಎಲ್ಲವೂ ಹಾಡಿದವರಿಗೆ.

ಕೇಳುವವರಿಗೆ ಒಂದೇ ಒಂದು ಕೆಲಸ. ಗೊತ್ತಿಲ್ಲದ ಹಾಡು ಮುಗಿಯುವವರೆಗೆ ಕುಳಿತಿರುವುದು. ಚೆನ್ನಾಗಿಲ್ಲದಿದ್ದರೆ ಮುಗಿದ ಮೇಲೆ ಹಾಗೆಂದೇ ಹೇಳಲಿ. ಅದರಿಂದ ಹಾಡಿಗೆ ಲಾಭವೇ. ಪ್ರಾಧ್ಯಾಪಕರೂ ವಿದ್ಯಾರ್ಥಿಮಿತ್ರರೂ ಇದನ್ನು ಆಲೋಚಿಸಬೇಕೆಂದು ಪ್ರಾರ್ಥಿಸುತ್ತೇನೆ. ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ನನ್ನ ಪರೀಕ್ಷೆ ಮುಗಿದು ನಾನು ಕಾಲೇಜು ಬಿಟ್ಟಿರುತ್ತೇನೆ. ನನ್ನ ಸ್ನೇಹಿತ ಇನ್ನೊಂದು ವರ್ಷ ಇಲ್ಲಿಯೇ ಓದುತ್ತಾನೆ.